ಕಪ್ಪೆ ಮೇಷ್ಟ್ರ ಹಿಂದೆ ಹೋದವರ ಪಾಡು

ಕೆಲವರ ಜೊತೆ ಸ್ಮಶಾನಕ್ಕೆ ಹೋಗಿಬಂದರೂ ಏನೂ ಆಗುವುದಿಲ್ಲ. ಕಪ್ಪೆ ಮೇಷ್ಟ್ರ ಜೊತೆ ಅವರ ಮನೆಯ ಹಿತ್ತಲಿಗೆ ಹೋದರೂ ಸಾಕಿತ್ತು, ಮೈ ಜುಮ್ಮೆನ್ನುವಂಥದ್ದು ಏನಾದರೊಂದು ಆಗಿಯೇ ಆಗುತ್ತಿತ್ತು. ಅವರು ತೀರಿಕೊಂಡು ಎರಡು ಮಳೆಗಾಲ ಕಳೆದ ಮೇಲೂ ಅದು ನಿಂತಿಲ್ಲ.

ನಾನು ಮಡಿಕೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಊರು ಸಂಪಾಜೆ. ನಾನು ಕೆಲಸಕ್ಕೆ ಸೇರಿದಾಗ ಅವರು ಅದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಅರ್ಚಕರ ಮನೆಯಲ್ಲಿ ಹುಟ್ಟಿದವರು. ಗಂಟೆ ಹಿಡಿಯಬೇಕಾದ ಕೈಯಲ್ಲಿ ಮಗ ಕಪ್ಪೆ ಹಿಡಿದ ಎಂದು ಅವರ ತಂದೆ ಕೊನೆಯವರೆಗೂ ಮಾತು ಬಿಟ್ಟಿದ್ದರಂತೆ. ಸಂಪಾಜೆಯಿಂದ ಕರಿಕೆಯವರೆಗಿನ ಕಾಡನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಯಾವ ಕಪ್ಪೆ ಎಲ್ಲಿದೆ, ಹೇಗೆ ಕೂಗುತ್ತದೆ ಎಂದು ಮೊಟ್ಟಮೊದಲು ಬರೆದಿಟ್ಟವರು ಅವರೇ. ದೊಡ್ಡ ಊರುಗಳಿಂದ ಬರುವ ವಿಜ್ಞಾನಿಗಳು ಕಾಡಿಗೆ ಕಾಲಿಡುವ ಮೊದಲು ಅವರ ಜಗಲಿಗೆ ಬಂದು ಕೂರುತ್ತಿದ್ದರು.

ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದರು. "ಟೀಚರೇ, ನನ್ನ ಜೊತೆ ಕಾಡಿಗೆ ಬನ್ನಿ. ಕಪ್ಪೆ ನಿಮಿಷಕ್ಕೆ ಎಷ್ಟು ಸಲ ಕೂಗುತ್ತದೆ ಅಂತ ಎಣಿಸಿದರೆ ಆಯಿತು. ನನಗೆ ಎಣಿಕೆ ತಪ್ಪುತ್ತದೆ. ನಿಮಗೂ ಕಾಡು ನೋಡಿದ ಹಾಗಾಗುತ್ತದೆ."

ನಂಬಿ ಹೋದೆ.

ಮೆಲ್ಲಗೆ ಅಳಿ

ಮೊದಲ ಸಲ ಹೋದದ್ದು ಒಂದು ಕಾಫಿ ಎಸ್ಟೇಟಿನ ಅಂಚಿಗೆ. ಜುಲೈ ತಿಂಗಳು. ಮಧ್ಯಾಹ್ನದ ಹೊತ್ತಾದರೂ ಮಂಜು ಎಷ್ಟಿತ್ತೆಂದರೆ ಹತ್ತು ಮಾರು ಆಚೆಯ ಮರ ಕಾಣುತ್ತಿರಲಿಲ್ಲ. ಮೇಷ್ಟ್ರು ತೋಡಿನ ದಡದ ಒದ್ದೆ ಎಲೆಗಳ ಮೇಲೆ ಬೋರಲಾಗಿ ಮಲಗಿದರು. ಒಂದು ಕೈಯನ್ನು ಕಲ್ಲಿನ ಸಂದಿಗೆ ಹಾಕಿದರು. "ನಾನು ತಲೆ ಎತ್ತುವವರೆಗೆ ನೀವು ಮಾತಾಡುವಂತಿಲ್ಲ" ಎಂದರು. ನಾನು ವಾಚು ಹಿಡಿದು ಹಿಂದೆ ಕೂತೆ.

ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಕಪ್ಪೆಯೂ ಕೂಗಲಿಲ್ಲ, ಮೇಷ್ಟ್ರೂ ಅಲ್ಲಾಡಲಿಲ್ಲ. ಅವರ ಕಿವಿಯ ಹಿಂದೆ ರಕ್ತ ಹೀರುವ ಇಂಬಳ ಕಚ್ಚಿದ ಜಾಗದಿಂದ ರಕ್ತ ಸಣ್ಣಗೆ ಕುತ್ತಿಗೆಗೆ ಇಳಿಯುತ್ತಿತ್ತು. ಅವರ ಬೆನ್ನನ್ನೇ ದಿಟ್ಟಿಸಿದೆ. ಉಸಿರಾಡಿದರೆ ಬೆನ್ನು ಏರಿ ಇಳಿಯಬೇಕಲ್ಲ? ಏರಲೂ ಇಲ್ಲ, ಇಳಿಯಲೂ ಇಲ್ಲ.

ಅಷ್ಟರಲ್ಲಿ ಕಳೆ ತೆಗೆಯುತ್ತಿದ್ದ ಕೂಲಿ ಲೈನಿನ ಹೆಂಗಸರು ಊಟಕ್ಕೆಂದು ಆ ದಾರಿಯಲ್ಲಿ ಬಂದರು. ಒಬ್ಬಳು ಕಿಟಾರನೆ ಕಿರುಚಿದಳು. ತೋಟದ ಲೆಕ್ಕ ಬರೆಯುವ ರೈಟರು ಓಡಿಬಂದರು. "ಯಾರೂ ಮುಟ್ಟಬೇಡಿ, ಪೊಲೀಸರು ಬರಲಿ" ಎಂದರು. ಗುಂಪಿನಲ್ಲಿದ್ದ ಅಜ್ಜಿಯೊಬ್ಬಳು ಗುರುತು ಹಿಡಿದು ಎದೆ ಬಡಿದುಕೊಂಡಳು. "ಅಯ್ಯೋ, ನಮ್ಮ ಕಪ್ಪೆ ಮೇಷ್ಟ್ರು! ನನ್ನ ಮಗನಿಗೆ ಅಕ್ಷರ ಕಲಿಸಿದ ಪುಣ್ಯಾತ್ಮ! ಇಂಥವರಿಗೆ ಇಂಥ ಸಾವಾ!"

ಆ ಹೊತ್ತಿಗೆ ನಾನೂ ಅವರು ಹೋಗಿಬಿಟ್ಟರು ಎಂದೇ ತಿಳಿದಿದ್ದೆ.

ಆಗ ಆ ಒದ್ದೆ ಎಲೆಗಳೊಳಗಿಂದ, ನೆಲವೇ ಮಾತಾಡಿದ ಹಾಗೆ ಒಂದು ದನಿ ಬಂತು. "ಸ್ವಲ್ಪ ಮೆಲ್ಲಗೆ ಅಳಿ. ಕಪ್ಪೆ ಹೆದರುತ್ತದೆ."

ಎಲ್ಲರಿಗಿಂತ ಮುಂದೆ ಓಡಿದವರು ರೈಟರು. ಅವರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ನಾನು. ಓಡದೆ ನಿಂತದ್ದು ಆ ಅಜ್ಜಿ ಒಬ್ಬಳೇ. ಮೇಷ್ಟ್ರು ಹೇಳಿದ ಮಾತು ಎಂದ ಮೇಲೆ ಮೀರುವುದುಂಟೇ? ದನಿ ತಗ್ಗಿಸಿ, ಮೆಲ್ಲಗೆ ಅಳುವುದನ್ನು ಮುಂದುವರಿಸಿದಳಂತೆ.

ದೇವರಕಾಡಿನಲ್ಲಿ ಅಳುವವಳು

ನಮ್ಮಲ್ಲಿ ಊರೂರಿಗೂ ಒಂದು ದೇವರಕಾಡು ಉಂಟು. ಅಲ್ಲಿ ಕೊಡಲಿ ಆಡಿಸುವಂತಿಲ್ಲ. ಆದರೂ ಒಂದು ಊರಿನ ಸಮಿತಿಯವರು ಸಮುದಾಯ ಭವನಕ್ಕೆ ಜಾಗ ಸಾಲದು ಎಂದು ಅಂಚಿನ ಏಳೆಂಟು ಹಳೆಯ ಮರ ಕಡಿಸಲು ಹೊರಟಿದ್ದರು. ಮರ ಕಡಿಯುವವರು ಒಂದು ದಿನ ಬಂದವರು ಮರುದಿನ ಬರಲಿಲ್ಲ. ಒಳಗೆ ಹೆಂಗಸೊಬ್ಬಳು ಅಳುತ್ತಾಳೆ, ಹಾಡಹಗಲೇ ಅಳುತ್ತಾಳೆ ಎಂದರು.

ಸಮಿತಿಯ ಅಧ್ಯಕ್ಷರು ಮೇಷ್ಟ್ರ ಮನೆಗೆ ಬಂದರು. "ನೀವು ವಿಜ್ಞಾನದವರು. ಬಂದು ನೋಡಿ, ದೆವ್ವ ಅಲ್ಲ ಅಂತ ಒಂದು ಮಾತು ಹೇಳಿ. ನಿಮ್ಮ ಮಾತಾದರೆ ಜನ ಕೇಳುತ್ತಾರೆ."

ಮೇಷ್ಟ್ರಿಗೆ ಅಭಿಮಾನ ಉಕ್ಕಿತು. ಪ್ರತಿ ವರ್ಷ ತರಗತಿಯ ಮೊದಲ ದಿನವೇ ಬೋರ್ಡಿನ ಮೇಲೆ "ದೆವ್ವ ಇಲ್ಲ" ಎಂದು ಬರೆದು ಪಾಠ ಶುರುಮಾಡುತ್ತಿದ್ದವರು ಅವರು. ಅಧ್ಯಕ್ಷರು, ಇಬ್ಬರು ಸದಸ್ಯರು, ಮೇಷ್ಟ್ರು ಮತ್ತು ನಾನು ಒಳಗೆ ಹೋದೆವು. ಮರಗಳ ಬುಡದಲ್ಲಿ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗೊಂಬೆಗಳು ಪಾಚಿ ಕಟ್ಟಿ, ಕಣ್ಣಿದ್ದ ಕಡೆ ತೂತು ಉಳಿದು, ನಮ್ಮನ್ನೇ ನೋಡುತ್ತಿದ್ದವು. ಒಂದು ಹಕ್ಕಿಯ ಸದ್ದಿಲ್ಲ. ನಮ್ಮ ಉಸಿರು ನಮಗೇ ಕೇಳುತ್ತಿತ್ತು.

ಆಗ ಅವಳು ಅತ್ತಳು. ಸಣ್ಣಗೆ ಶುರುವಾಗಿ, ಎಳೆದು ಎಳೆದು, ಮಗು ಕಳೆದುಕೊಂಡವಳ ಹಾಗೆ. ಸದಸ್ಯರೊಬ್ಬರು ನನ್ನ ಕೈ ಹಿಡಿದುಕೊಂಡರು. ನಾನೂ ಬಿಡಿಸಿಕೊಳ್ಳಲಿಲ್ಲ.

ಮೇಷ್ಟ್ರು ಮಾತ್ರ ಬೈನಾಕ್ಯುಲರ್ ಎತ್ತಿ ನಕ್ಕರು. "ನೋಡಿ, ಅಗೋ ಆ ಕವಲಿನಲ್ಲಿ. ದೊಡ್ಡ ಕಾಡುಗೂಬೆ. ಇದರ ಕೂಗು ಹೀಗೆಯೇ."

ಅಧ್ಯಕ್ಷರ ಮುಖ ಅರಳಿತು. "ಹಾಗಾದರೆ ದೆವ್ವ ಇಲ್ಲ ಅಂತಾಯಿತು. ನಾಳೆಯೇ ಮರಕ್ಕೆ ಕೊಡಲಿ ಹಾಕಿಸುತ್ತೇನೆ."

ಮೇಷ್ಟ್ರ ನಗು ಅಲ್ಲೇ ನಿಂತಿತು. ಗೂಬೆ ಕೂತಿದ್ದ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ನನ್ನನ್ನು ನೋಡಿದರು.

"ಅದು ಗೂಬೆ ಅಂದೆ" ಎಂದರು. "ದೆವ್ವ ಇಲ್ಲ ಅಂತ ನಾನು ಎಲ್ಲಿ ಹೇಳಿದೆ? ದೆವ್ವ ಇರುವುದು ಆಚೆ ಮರದಲ್ಲಿ."

"ನೀವು ನೋಡಿದ್ದೀರಾ ಸಾರ್?"

"ನಾನೇನು, ಟೀಚರೂ ನೋಡಿದ್ದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಏನು ಹೇಳಲಿ ಎಂದು ತಡವರಿಸುತ್ತಿರುವಾಗಲೇ ನನ್ನ ಬೆನ್ನ ಹಿಂದೆ ಕೊಂಬೆಯೊಂದು ಲಟಕ್ಕನೆ ಮುರಿಯಿತು. ನಾನು ಕಿರುಚಿದ ಕಿರುಚಿಗೆ ಗೂಬೆಯೂ ಹಾರಿಹೋಯಿತು, ಅಧ್ಯಕ್ಷರೂ ಹಾರಿಹೋದರು. ಆ ಮರಗಳು ಇವತ್ತಿಗೂ ಇವೆ. ಭವನವನ್ನು ರಸ್ತೆಯ ಆಚೆ ಬದಿಯಲ್ಲಿ ಕಟ್ಟಿಕೊಂಡರು.

ವಾಪಸು ಬರುವಾಗ ಮೇಷ್ಟ್ರು ತಲೆ ತಗ್ಗಿಸಿ ನಡೆಯುತ್ತಿದ್ದರು. ಜೀವಮಾನದಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಒಂದೇ ಮಾತಿನಲ್ಲಿ ಅಳಿಸಿಹಾಕಿದ್ದರು, ಪಾಪ. ಸಮಾಧಾನವಾಗಲಿ ಎಂದು ನಾನು, "ಕೊಂಬೆ ಮುರಿದದ್ದು ಆ ಗೂಬೆಯ ಭಾರಕ್ಕೇ ಅಲ್ವಾ ಸಾರ್?" ಎಂದೆ.

"ಗೂಬೆ ಇದ್ದದ್ದು ನಮ್ಮ ಎದುರಿಗೆ ಟೀಚರೇ" ಎಂದರು. "ಸ್ವಲ್ಪ ಬೇಗ ನಡೆಯಿರಿ."

ಎಡಗಾಲಿನ ಹತ್ತಿರ

ನಿವೃತ್ತರಾದ ಮೇಲೆ ಅವರು ಕಾಡಿನಲ್ಲೇ ಇರುತ್ತಿದ್ದರು. ಮರಗಳಿಗೆ ಧ್ವನಿಮುದ್ರಣದ ಸಣ್ಣ ಯಂತ್ರ ಕಟ್ಟಿ ಕಪ್ಪೆಗಳ ಕೂಗು ಹಿಡಿಯುತ್ತಿದ್ದರು. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಕರಿಕೆಯಿಂದ ಬಂದ ಒಂದು ಸಂಜೆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಈ ಸಲ ಎದೆ ನಿಜವಾಗಿಯೂ ಏರಲಿಲ್ಲ. ಸುದ್ದಿ ಕೇಳಿ ಓಡಿಬಂದ ನಾನು ತುಂಬಾ ಹೊತ್ತು ನೋಡಿದೆ.

ತಿಥಿಯಾದ ಮೇಲೆ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುವವರು, ಆ ಮುದ್ರಣಗಳನ್ನೆಲ್ಲ ನನಗೆ ಕೊಟ್ಟರು. "ಎಣಿಸುವವಳು ನೀನು. ಇದನ್ನೂ ಎಣಿಸಿ ಮುಗಿಸು."

ಭಾನುವಾರ ಬೆಳಗ್ಗೆ ಸಂಪಾಜೆಯ ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತೆ. ಮಳೆಯ ಸದ್ದು, ತೋಡಿನ ಸದ್ದು, ಕಪ್ಪೆ. ಎಣಿಸುತ್ತಾ ಹೋದೆ. ಇದ್ದಕ್ಕಿದ್ದ ಹಾಗೆ ಕಪ್ಪೆಗಳೆಲ್ಲ ಸುಮ್ಮನಾದವು. ನನ್ನ ಕಿವಿಯ ಒಳಗೇ, ಬಹಳ ಹತ್ತಿರದಲ್ಲಿ, ಮೇಷ್ಟ್ರು ಪಿಸುಗುಟ್ಟಿದರು.

"ಟೀಚರೇ. ಅಲ್ಲಾಡಬೇಡಿ. ನಿಮ್ಮ ಎಡಗಾಲಿನ ಹತ್ತಿರ..."

ಕಲ್ಲಾಗಿಬಿಟ್ಟೆ. ಮುದ್ರಣ ಎಂದು ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಾಗಬೇಕಲ್ಲ. ಅದೇ ಹೊತ್ತಿಗೆ ಎಡಗಾಲಿನ ಹೆಬ್ಬೆರಳಿಗೆ ತಣ್ಣಗೆ, ಮೆತ್ತಗೆ ಏನೋ ತಾಗಿತು. ಅಮ್ಮ ಅಡುಗೆಮನೆಯಿಂದ ಬಂದು, ನನ್ನ ಮುಖ ನೋಡಿ, ಮೇಜಿನ ಕೆಳಗೆ ಬಗ್ಗಿ, "ಇಲ್ಲಿ ಒಂದು ಕಪ್ಪೆ ಉಟ್ಟು!" ಎಂದು ನಮ್ಮ ಅರೆಭಾಷೆಯಲ್ಲಿ ಕೂಗಿ ಪೊರಕೆಗೆ ಓಡಿದರು.

ನನ್ನ ಕಣ್ಣಲ್ಲಿ ನೀರು ತುಂಬಿತು. ಸತ್ತ ಮೇಲೂ ಕಾಯುತ್ತಿದ್ದಾರೆ, ಎಂಥ ಜೀವ ಎಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಮಾತು ಮುಗಿಸಿದರು.

"...ನನ್ನ ಕನ್ನಡಕ ಬಿದ್ದಿದೆ. ಹೋದ ಸಲದ ಹಾಗೆ ತುಳಿಯಬೇಡಿ."

ಓಟೆಯೊಳಗೆ ಕೂತವರು

ಮೇಷ್ಟ್ರು ಕೊನೆಯದಾಗಿ ಬರೆದಿಟ್ಟದ್ದು ಕರಿಕೆಯ ಹತ್ತಿರದ, ಓಟೆ ಎಂಬ ಟೊಳ್ಳು ಬಿದಿರಿನ ಮೆಳೆಯಲ್ಲಿ ಕಂಡ ಒಂದು ಪುಟ್ಟ ಕಪ್ಪೆಯ ವಿಷಯ. ಇದು ಹೊಸತೇ ಇರಬೇಕು, ಯಾರ ಪಟ್ಟಿಯಲ್ಲೂ ಇಲ್ಲ ಎಂದು ಒಬ್ಬ ಸಂಶೋಧಕಿ ಈ ಮಳೆಗಾಲದಲ್ಲಿ ಹುಡುಕಿಕೊಂಡು ಬಂದಳು. ಸಿಗದಿದ್ದರೆ ಮೇಷ್ಟ್ರ ಆ ಬರಹ ಬರೀ ಕತೆಯಾಗಿ ಉಳಿಯುತ್ತದೆ ಎಂದಳು. ದಾರಿ ತೋರಿಸಲು ನಾನು ಹೊರಟೆ. ಅಕ್ಕನೂ ಸೀರೆ ಎತ್ತಿ ಕಟ್ಟಿದರು. "ನಲವತ್ತು ವರ್ಷ ಇವರಿಗೆ ಅಲ್ಲಿ ಎಂಥ ಇತ್ತು ಅಂತ ನಾನೂ ಒಮ್ಮೆ ನೋಡಬೇಕು."

ಮಧ್ಯಾಹ್ನ ಎರಡಾದರೂ ಮೆಳೆಯ ಒಳಗೆ ಮಬ್ಬು. ಗಾಳಿಗೆ ಬಿದಿರು ಒಂದಕ್ಕೊಂದು ಉಜ್ಜಿ ನರಳುತ್ತಿತ್ತು. ಎರಡು ಗಂಟೆ ಹುಡುಕಿದರೂ ಏನೂ ಇಲ್ಲ. ಸಂಶೋಧಕಿ ಚೀಲ ಕಟ್ಟುತ್ತಿದ್ದಳು. ಆಗ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಕ್ಹಂ, ಕ್ಹಂ.

ನನಗೆ ತಲೆಯ ಕೂದಲು ನೆಟ್ಟಗಾಯಿತು. ಸ್ಟಾಫ್ ರೂಮಿನ ಬಾಗಿಲಲ್ಲಿ ನಾನು ವರ್ಷಗಟ್ಟಲೆ ಕೇಳಿದ ಅದೇ ಗಂಟಲು.

ಅಕ್ಕ ತಿರುಗಿಯೂ ನೋಡದೆ, "ಇರಿ, ಕಾಫಿಗೆ ನೀರಿಟ್ಟಿದ್ದೇನೆ" ಎಂದರು.

ಎಂದ ಮೇಲೆ ಅವರಿಗೇ ಗೊತ್ತಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮತ್ತೆ ಕ್ಹಂ ಎಂದಿತು. ಸದ್ದು ಬಂದದ್ದು ನಮ್ಮ ಮೊಣಕಾಲಿನ ಎತ್ತರದಲ್ಲಿ, ಒಂದು ಓಟೆಯ ಒಳಗಿಂದ. ಗೆಣ್ಣಿನ ಹತ್ತಿರ ಉಗುರಿನಷ್ಟು ಸೀಳು. ಸಂಶೋಧಕಿ ಅದಕ್ಕೆ ಟಾರ್ಚಿನ ಬೆಳಕು ಬಿಟ್ಟಳು. ಒಳಗೆ ಹೆಬ್ಬೆರಳ ತುದಿಯಷ್ಟು ಹಸಿರು ಕಪ್ಪೆ ಕೂತಿತ್ತು, ಪಕ್ಕದಲ್ಲಿ ಮುತ್ತಿನ ಹಾಗೆ ಮೊಟ್ಟೆಗಳು. ಅವಳು ಅಲ್ಲೇ ಕೆಸರಿನಲ್ಲಿ ಕೂತು ಅತ್ತುಬಿಟ್ಟಳು. ಮೇಷ್ಟ್ರು ಬರೆದದ್ದು ಅಕ್ಷರಶಃ ನಿಜವಾಗಿತ್ತು.

ಕಣ್ಣೊರೆಸಿಕೊಂಡು, "ಅಮ್ಮಾ, ಇದಕ್ಕೆ ಸಾರ್ ಹೆಸರೇ ಇಡಬೇಕು. ನೀವು ಒಪ್ಪಬೇಕು" ಎಂದಳು.

ಅಕ್ಕ ಸೀಳಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಇದರ ಗುಣ ಹೇಗೆ?"

"ಸಾರೇ ಬರೆದಿಟ್ಟಿದ್ದಾರೆ. ಮಳೆಗಾಲದಲ್ಲಿ ಮಾತ್ರ ದನಿ ಕೇಳುತ್ತೆ. ಉಳಿದ ತಿಂಗಳು ಎಲ್ಲಿರುತ್ತೋ ಯಾರಿಗೂ ಗೊತ್ತಿಲ್ಲ."

"ಸರಿ. ಅವರೇ."

"ಹತ್ತಿರ ಹೋದರೆ ಮಾತು ನಿಲ್ಲಿಸುತ್ತೆ."

"ಅವರೇ, ಅನುಮಾನವೇ ಇಲ್ಲ."

"ಇನ್ನೊಂದು ವಿಶೇಷ ಇದೆಯಮ್ಮ. ಮೊಟ್ಟೆ ಇಟ್ಟ ಮೇಲೆ ಜೋಡಿಯಲ್ಲಿ ಹೆಣ್ಣು ಕಾಡಿಗೆ ಹೊರಟುಹೋಗುತ್ತೆ. ಗಂಡು ಹೊರಗೆ ಹೋಗದೆ, ಇಲ್ಲೇ ಕೂತು, ಮರಿಗಳು ದೊಡ್ಡವಾಗುವವರೆಗೆ ಕಾಯುತ್ತೆ."

ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಬೆಳೆಸಿ ದಡ ಸೇರಿಸಿದ ಅಕ್ಕ ಸೊಂಟ ಹಿಡಿದುಕೊಂಡು ಎದ್ದುನಿಂತರು.

"ಹಾಗಾದರೆ ಒಳಗೆ ಕೂತಿರುವುದು ಅವರಲ್ಲ, ನಾನು" ಎಂದರು. "ನನ್ನ ಹೆಸರು ಬರೆದುಕೋ."