ರೂತಮ್ಮನ ಪಕ್ಕದ ಜಾಗ

ಪ್ರಭುದಾಸನಿಗೆ ಈ ಭೂಮಿಯ ಮೇಲೆ ಸ್ವಂತದ್ದು ಅಂತ ಇದ್ದದ್ದು ಆರಡಿ ಉದ್ದ, ಮೂರಡಿ ಅಗಲದ ಜಾಗ. ಅದೂ ಭದ್ರಾವತಿಯ ಕ್ರೈಸ್ತ ಸ್ಮಶಾನದಲ್ಲಿ, ಹೆಂಡತಿ ರೂತಮ್ಮನ ಸಮಾಧಿಯ ಎಡಮಗ್ಗುಲಿಗೆ. ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕ್ರೇನ್ ಓಡಿಸಿ ರಿಟೈರಾಗಿ, ಓಲ್ಡ್ ಟೌನಿನ ಬಾಡಿಗೆ ಮನೆ ಸೇರಿದ್ದ ಅವನು ಚರ್ಚಿನ ಕಮಿಟಿಯವರ ಕೈಕಾಲು ಹಿಡಿದು ಅದನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಈಗ ಸ್ಮಶಾನ ತುಂಬಿಹೋಗಿ, ಉಳಿದಿದ್ದ ಜಾಗ ಅದೊಂದೇ. ಪ್ರತಿ ಭಾನುವಾರ ಆರಾಧನೆ ಮುಗಿಸಿ ಹೋಗಿ, ಹುಲ್ಲು ಕಿತ್ತು, ಹೆಜ್ಜೆಯಲ್ಲಿ ಅಳೆದು, ಕಡಿಮೆಯಾಗಿಲ್ಲವೆಂದು ಖಾತರಿ ಮಾಡಿಕೊಂಡು ಬರುತ್ತಿದ್ದ.

ಸೋಮವಾರ ಬೆಳಿಗ್ಗೆ ಏಳಕ್ಕೇ ಚರ್ಚಿನ ಕಾರ್ಯದರ್ಶಿ ಎಬಿನೇಜರ್ ಬಾಗಿಲು ಬಡಿದ. ಆರಡಿ ಮೀರಿದ ಆಳು, ಬಗ್ಗಿಯೇ ಒಳಗೆ ಬಂದ. ಕೈಯಲ್ಲಿ ಟೈಪ್ ಮಾಡಿಸಿದ ಪತ್ರ ಸಿದ್ಧವಿತ್ತು.

"ಪ್ರಭುದಾಸಣ್ಣ, ನಮ್ಮ ಚರ್ಚಿನ ವಾಚ್‌ಮನ್ ದೈವಸಹಾಯಂ ನಿನ್ನೆ ಶಿವಮೊಗ್ಗದ ಆಸ್ಪತ್ರೇಲಿ ತೀರ್ಕೊಂಡ್ರು. ಹೂಳೋಕೆ ಜಾಗ ಇಲ್ಲ. ನಿಮ್ದು ಬಿಟ್ಕೊಟ್ಬಿಡಿ."

"ಮತ್ತೆ ನಾನೆಲ್ಲಿ ಹೋಗ್ಲಿ?"

"ನೀವಿನ್ನೂ ಗಟ್ಟಿಮುಟ್ಟಾಗಿದ್ದೀರಲ್ಲ! ನಿನ್ನೆ ಚರ್ಚಲ್ಲಿ ಪಾದ್ರಿ ಅಯ್ಯನವ್ರ ಪ್ರಸಂಗ ಕೇಳ್ಲಿಲ್ವಾ? ಸ್ವಾರ್ಥ ಬಿಡ್ಬೇಕು, 'ನಾನು' ಅನ್ನೋದನ್ನ ಹೂತ್ಬಿಡ್ಬೇಕು ಅಂದ್ರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಿದ್ದು ನೀವೇ."

"ಆಮೆನ್ ಅಂದೆ, ಜಾಗ ಕೊಡ್ತೀನಿ ಅಂದ್ನಾ?" ಎಂದು ಪ್ರಭುದಾಸ ಅವನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡ.

ಎಬಿನೇಜರ್ ಎಂದರೆ ರೂತಮ್ಮನಿಗೂ ಆಗುತ್ತಿರಲಿಲ್ಲ. ಹಾಡುವ ತಂಡದಲ್ಲಿ ಅವನು ಅವಳ ಹಿಂದೆ ನಿಂತು, ಸವೆದ ಬ್ರೇಕಿನ ಲಾರಿಯಂತೆ ಕಿರುಗುಟ್ಟುತ್ತಿದ್ದ. "ಪರಲೋಕದಲ್ಲೂ ಈ ಮನುಷ್ಯನ ಪಕ್ಕ ನಿಲ್ಲಿಸಿದ್ರೆ ನಾನು ವಾಪಸ್ ಬಂದ್ಬಿಡ್ತೀನಿ" ಅನ್ನುತ್ತಿದ್ದಳು.

ಗಲಾಟೆ ಕೇಳಿ ಪಕ್ಕದ ಮನೆಯ ಪದ್ಮಮ್ಮ ಕಾಂಪೌಂಡಿನ ಮೇಲಿಂದ ಕಿಟಕಿಯೊಳಗೆ ಇಣುಕಿದರು. "ಏನು ಪ್ರಭುದಾಸಪ್ಪ, ಸೈಟಿನ ತಕರಾರಾ? ನಮ್ಮಲ್ಲಿ ಸುಟ್ಬಿಡ್ತೀವಿ ನೋಡಿ, ಈ ರಗಳೆನೇ ಇಲ್ಲ."

ಮನೆಯಲ್ಲಿದ್ದರೆ ಉಳಿಗಾಲವಿಲ್ಲವೆಂದು ಅವನು ಶಿವಮೊಗ್ಗದ ಬಸ್ಸು ಹತ್ತಿದ. ಸಂಜೆವರೆಗೆ ಅಲ್ಲೆಲ್ಲಾದರೂ ಸುತ್ತಾಡಿದರೆ ದೈವಸಹಾಯಂಗೆ ಬೇರೆ ಏನಾದರೂ ವ್ಯವಸ್ಥೆಯಾಗುತ್ತದೆ ಅಂತ ಲೆಕ್ಕ. ಬಸ್ಸಿನಲ್ಲಿ ಪಕ್ಕಕ್ಕೇ ಸಿಕ್ಕಿದವನು ಹಳೇ ಸಹೋದ್ಯೋಗಿ ಧರ್ಮಪ್ಪ.

"ಏನ್ ಮಾರಾಯ, ಸತ್ತೋನಿಗೆ ಜಾಗ ಕೊಡಲ್ಲ ಅಂದ್ಯಂತೆ?"

"ನಿಂಗ್ಯಾರು ಹೇಳಿದ್ದು?"

"ಬಸ್ ಸ್ಟ್ಯಾಂಡಿನ ಟೀ ಅಂಗ್ಡೀಲಿ ಅದೇ ಸುದ್ದಿ. ಬಸ್ಸಲ್ಲಾದ್ರೂ ಒಂಚೂರು ಸರಿದು ಕೂತ್ಕೊ!"

ಮುಂದಿನ ಸೀಟಿನವರು ಹೊರಳಿ ನೋಡಿದರು. ಪ್ರಭುದಾಸ ಮುಖ ಮರೆಸಲು ಮೊಬೈಲ್ ತೆಗೆದ. ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ ಎಬಿನೇಜರ್ ಹಾಕಿದ್ದ: "ಸಹೋದರ ಪ್ರಭುದಾಸರ ಕಲ್ಲು ಹೃದಯ ಕರಗುವಂತೆ ಪ್ರಾರ್ಥಿಸಿರಿ." ಅದರ ಕೆಳಗೆ ಅರವತ್ತೊಂದು ಮಂದಿ ಕೈಮುಗಿದಿದ್ದರು. ದುಬೈಯಲ್ಲಿರುವ ಅವನ ಸ್ವಂತ ತಮ್ಮನೂ ಮುಗಿದಿದ್ದ.

ತಡೆಯಲಾರದೆ ಮಲವಗೊಪ್ಪದಲ್ಲಿ ಇಳಿದುಬಿಟ್ಟ. ರಸ್ತೆಬದಿಯ ಕಲ್ಲಿನ ಮೇಲೆ ಕೂತ. ಅಲ್ಲಿ ಬೈಯುವವರು ಯಾರೂ ಇರಲಿಲ್ಲ, ಅದಕ್ಕೇ ನೆನಪು ಬಂತು.

ಕೊರೊನಾ ವರ್ಷ ರೂತಮ್ಮ ಹೋದಾಗ ಈ ಅರವತ್ತೊಂದು ಮಂದಿಯಲ್ಲಿ ಒಬ್ಬರೂ ಬಂದಿರಲಿಲ್ಲ. ಬಂದವನು ಕುಳ್ಳ ದೈವಸಹಾಯಂ. ಪ್ಲಾಸ್ಟಿಕ್ ಕಿಟ್ಟಿನೊಳಗೆ ಬೆವರುತ್ತ, ಗುಂಡಿಗಿಳಿದು, ಪೆಟ್ಟಿಗೆಗೆ ಭುಜ ಕೊಟ್ಟು, "ಅಣ್ಣಾ, ಮೆಲ್ಲ ಬಿಡಿ, ಅಕ್ಕಂಗೆ ನೋವಾಗ್ಬಾರ್ದು" ಅಂದಿದ್ದ. ಪ್ರಭುದಾಸನಿಗೆ ತನ್ನ ಮೇಲೇ ಅಸಹ್ಯವಾಯಿತು. ಆ ಮನುಷ್ಯನಿಗೆ ಮಣ್ಣು ಕೊಡಲು ಇಷ್ಟು ಲೆಕ್ಕ ಹಾಕಿದೆನಲ್ಲ ಎಂದು ಗಳಗಳನೆ ಅತ್ತ. ಎದುರಿನಿಂದ ಬಂದ ಬಸ್ಸಿಗೆ ಕೈಯೊಡ್ಡಿ ಭದ್ರಾವತಿಗೆ ವಾಪಸಾದ.

ಚರ್ಚಿನಲ್ಲಿ ಪತ್ರವನ್ನು ಓದದೆಯೇ ಸಹಿ ಹಾಕಿದ. ಎಬಿನೇಜರ್ ಅಪ್ಪಿಕೊಂಡ, ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ರೂತಮ್ಮ ಹೋದ ಮೇಲೆ ಮೊದಲ ಸಲ ಅವನ ಎದೆ ಹಗುರಾಯಿತು.

ಸ್ಮಶಾನದಲ್ಲಿ ಕೂಲಿಯಾಳು ಪರಮೇಶ ಗುಂಡಿ ತೋಡುತ್ತಿದ್ದ. ಎಬಿನೇಜರ್ ದಂಡೆಯಲ್ಲಿ ನಿಂತು, "ಇನ್ನೂ ಒಂದಡಿ ಉದ್ದ ತೆಗಿಯಪ್ಪ" ಅಂದ.

"ದೈವಸಹಾಯಂ ಐದಡಿನೂ ಇರ್ಲಿಲ್ವಲ್ಲ?" ಎಂದ ಪ್ರಭುದಾಸ.

"ಸತ್ತೋರನ್ನ ಇಕ್ಕಟ್ಟಲ್ಲಿ ಮಲಗಿಸ್ಬಾರ್ದಣ್ಣ."

ಎಷ್ಟು ದೊಡ್ಡ ಮನಸ್ಸು, ನಾನೇ ತಪ್ಪು ತಿಳಿದಿದ್ದೆ ಎಂದುಕೊಂಡ ಪ್ರಭುದಾಸ ತಾನೂ ನಾಲ್ಕು ಬುಟ್ಟಿ ಮಣ್ಣು ಹೊತ್ತ.

ಮೂರು ಗಂಟೆಯಾದರೂ ಆಂಬುಲೆನ್ಸ್ ಬರಲಿಲ್ಲ. ಹೂವು ಬಾಡಿತು. ಕೊನೆಗೆ ಅಯ್ಯನವರು ದೈವಸಹಾಯಂನ ಮಗಳಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಅಪ್ಪನ ಮಣ್ಣು ಇಲ್ಲೇ ಶಿವಮೊಗ್ಗದಲ್ಲಿ ಆಯ್ತಲ್ಲ ಅಯ್ಯನವ್ರೇ, ಹನ್ನೆರಡು ಗಂಟೆಗೇ. ಅಮ್ಮನ ಪಕ್ಕಾನೇ ಮಲಗ್ಬೇಕು ಅಂತ ಅಪ್ಪನ ಆಸೆ ಇತ್ತು. ನೀವ್ಯಾರೂ ನನ್ನ ಒಂದ್ಮಾತು ಕೇಳ್ಲೇ ಇಲ್ಲ."

ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಭುದಾಸನ ಕಣ್ಣು ಮತ್ತೆ ತುಂಬಿತು, ಈ ಸಲ ಸಂತೋಷಕ್ಕೆ. "ಪಾಪ, ಅವನಿಗೂ ಹೆಂಡ್ತಿ ಪಕ್ಕ ಸಿಕ್ತು. ಹಾಗಾದ್ರೆ ನನ್ನ ಪತ್ರ ವಾಪಸ್ ಕೊಡು ಎಬಿನೇಜರ್."

ಎಬಿನೇಜರ್ ಪತ್ರವನ್ನು ಬಿಡಿಸಿ ಓದಿದ. ಅದರಲ್ಲಿ ದೈವಸಹಾಯಂನ ಹೆಸರೇ ಇರಲಿಲ್ಲ. ಸಹೋದರ ಪ್ರಭುದಾಸರು ಸದರಿ ಜಾಗವನ್ನು ಚರ್ಚಿಗೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದಾರೆ ಎಂದಷ್ಟೇ ಇತ್ತು.

"ಜಾಗಕ್ಕೆ ಕಾಯ್ತಾ ಇರೋರ ಪಟ್ಟೀಲಿ ಮೊದಲ್ನೇ ಹೆಸ್ರು ನಂದೇ ಅಣ್ಣ," ಎಂದು ಎಬಿನೇಜರ್ ನೆಲ ನೋಡಿದ. "ನಾನೇನು ಆಸೆಪಟ್ಟಿದ್ದಲ್ಲ. ಕಮಿಟಿ ತೀರ್ಮಾನ."

"ಅಯ್ಯನವ್ರೇ, ನೀವಾದ್ರೂ ಹೇಳಿ!"

ಅಯ್ಯನವರು ಕನ್ನಡಕ ಒರೆಸಿಕೊಂಡರು. "ಪ್ರಭುದಾಸ್, ಈಗತಾನೆ ಸ್ವಾರ್ಥ ಗೆದ್ದಿದ್ದೀರಿ. ಅದನ್ನ ಮತ್ತೆ ಅಗೆದು ತೆಗೀಬೇಡಿ."

"ಆಮೆನ್," ಎಂದರು ನೆರೆದವರು.

ಪರಮೇಶ ಗುಂಡಿಗೆ ಮಣ್ಣು ಎಳೆಯುವ ಮೊದಲು ಎಬಿನೇಜರ್ ಒಳಗಿಳಿದು, ಗೋಡೆಗೆ ಹಿಮ್ಮಡಿ ಒತ್ತಿ ಮಲಗಿ ನೋಡಿದ. ತಲೆಯ ಕಡೆ ಸರಿಯಾಗಿ ನಾಲ್ಕು ಬೆರಳು ಮಿಕ್ಕಿತು. ತೃಪ್ತಿಯಿಂದ ಎದ್ದು ಪ್ಯಾಂಟು ಕೊಡವಿಕೊಂಡ.

ಎಲ್ಲರೂ ಹೊರಟ ಮೇಲೆ ಪ್ರಭುದಾಸ ಹೆಂಡತಿಯ ಸಮಾಧಿಯ ಕಲ್ಲಿಗೆ ಒರಗಿ ಕೂತ. ಗೇಟಿನ ಕಡೆಯಿಂದ ಎಬಿನೇಜರನ ಹಾಡು ಕಿರುಗುಟ್ಟುತ್ತ ಬಂತು.

"ಕೇಳಿಸ್ತಾ ರೂತೂ?" ಎಂದ ಪ್ರಭುದಾಸ. "ಒಂಚೂರು ಅಡ್ಜಸ್ಟ್ ಮಾಡ್ಕೋ, ಮಾರಾಯ್ತಿ."