ಯುರೋಪಿನ ಬಿಕ್ಕಟ್ಟು ಮತ್ತು ನಮ್ಮ ಮನೆಯ ಅಕ್ಕಿ ಡಬ್ಬಿ

ನನಗೆ ಹೋಲಿಸುವ ಚಟವಿದೆ. ಕೆಲವರು ಊಟವಾದ ಮೇಲೆ ಅಡಿಕೆ ಹುಡುಕುತ್ತಾರಲ್ಲ, ಹಾಗೆ ಯಾವುದಾದರೂ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಾನಿರುವ, ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್ನಿನ ಟ್ರಾಮಿಗೆ ಹುಬ್ಬಳ್ಳಿಯ ಸಿಟಿ ಬಸ್ಸನ್ನು, ಇಲ್ಲಿನ ಮೋಡಕ್ಕೆ ಅಲ್ಲಿನ ಬಿಸಿಲನ್ನು, ಹೆಂಡತಿಯ ಸಾರಿಗೆ ಅವ್ವನ ಸಾರನ್ನು ಹೋಲಿಸಿದ್ದೇನೆ. ಕೊನೆಯದನ್ನು ಮದುವೆಯಾದ ಹೊಸದರಲ್ಲಿ ಒಂದೇ ಸಲ ಬಾಯಿಬಿಟ್ಟು ಹೇಳಿದೆ, ಅಷ್ಟೇ. ಇದಕ್ಕೆಲ್ಲ ಧಾರವಾಡದಲ್ಲಿ ಮಾಡಿದ ಅರ್ಥಶಾಸ್ತ್ರದ ಎಂ.ಎ. ಕಾರಣ. ಪರೀಕ್ಷೆಯಲ್ಲಿ ಯಾವ ಪ್ರಶ್ನೆಯಿದ್ದರೂ ಕೊನೆಗೆ ‘ಹೋಲಿಸಿ ಬರೆಯಿರಿ’ ಎಂದಿರುತ್ತಿತ್ತು. ಈಗ ನಾಟಿಂಗ್‌ಹ್ಯಾಮಿನ ಒಂದು ಗೋದಾಮಿನಲ್ಲಿ ಕೆಲಸಗಾರರ ರೋಟಾ, ಅಂದರೆ ಪಾಳಿಪಟ್ಟಿ, ಬರೆಯುತ್ತೇನೆ. ಆ ಎಂ.ಎ.ಯನ್ನು ಈ ಕೆಲಸದೊಂದಿಗೆ ಮಾತ್ರ ಹೋಲಿಸಲು ಹೋಗಿಲ್ಲ.

ಇದೇ ಚಟ ಒಂದು ಚಳಿಗಾಲದಲ್ಲಿ ಅವ್ವನ ಜೀವಕ್ಕೆ ಕುತ್ತು ತಂದಿತ್ತು. ಇಂದಿಗೂ ಎಲ್ಲಾದರೂ ‘ಬೀಪ್’ ಎಂದರೆ ನಾನು ಮೊದಲು ಬಾಗಿಲು ಹುಡುಕುತ್ತೇನೆ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಮಾಡುವಾಗ ಪ್ರತಿ ಬದನೆಕಾಯಿಗೂ ಒಮ್ಮೆ ಬೆಚ್ಚುತ್ತೇನೆ.

ಯುದ್ಧದಿಂದಾಗಿ ಇಡೀ ಯುರೋಪಿನಲ್ಲಿ ಗ್ಯಾಸಿನ ಬೆಲೆ ಏರಿದ ಚಳಿಗಾಲವದು. ಮನೆ ಬೆಚ್ಚಗಿಡುವುದು ಹೇಗೆಂಬುದೇ ಎಲ್ಲರ ಚಿಂತೆ. ಧಾರವಾಡದ ನನ್ನ ಇಬ್ಬರು ಸಹಪಾಠಿಗಳು, ನಾಗರತ್ನ ಮತ್ತು ಬಸವರಾಜ, ಒಬ್ಬಳು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, ಒಬ್ಬ ಫ್ರಾನ್ಸಿನ ಲಿಯಾನಿನಲ್ಲಿ ಇದ್ದಾರೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೂವರೂ ವಿಡಿಯೋ ಕಾಲಿನಲ್ಲಿ ಕೂತು ಯಾವ ದೇಶ ಬಿಕ್ಕಟ್ಟನ್ನು ಹೇಗೆ ಎದುರಿಸುತ್ತಿದೆ ಎಂದು ಚರ್ಚಿಸುತ್ತಿದ್ದೆವು. ನನ್ನ ಹೆಂಡತಿ ವಸುಧಾ ಇದಕ್ಕೆ ‘ಶೃಂಗಸಭೆ’ ಎಂದು ಹೆಸರಿಟ್ಟಿದ್ದಳು. ಆಕೆ ಮೈಸೂರಿನವಳು, ಇಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ನಿಜವಾದ ರೋಗಗಳನ್ನು ನೋಡುವವಳಾದ್ದರಿಂದ ನಮ್ಮ ರೋಗ ಅವಳಿಗೆ ಸಣ್ಣದಾಗಿ ಕಾಣುತ್ತಿತ್ತು.

“ನಮ್ಮಲ್ಲಿ ಸರಕಾರ ರೇಟಿಗೆ ಲಗಾಮ್ ಹಾಕೇತಿ. ಎಲ್ಲಾ ಶಾಂತ ಐತಿ. ಸ್ಟ್ರೈಕ್ ನಡದಾವ, ಖರೆ, ಅವು ಯಾವಾಗಿದ್ರೂ ಇರತಾವ ಬಿಡು” ಎನ್ನುವನು ಬಸವರಾಜ.

“ನಮ್ಮಲ್ಲಿ ಆಫೀಸಿನ್ಯಾಗ ಹೀಟರ್ ಇಳಿಸ್ಯಾರ. ಬ್ಯಾಸಗಿಯೊಳಗ ರೈಲಿನ ಟಿಕೆಟ್ ಪುಕ್ಕಟೆ ಕೊಟ್ಟಂಗ ಕೊಟ್ಟಿದ್ರು” ಎನ್ನುವಳು ನಾಗರತ್ನ. “ನಿಮ್ಮವರು ಏನ್ ಮಾಡಾಕತ್ತಾರಪಾ?”

“ಸದ್ಯಕ್ಕ ಪ್ರಧಾನಿನ್ನ ಬದಲಾಯಿಸಿ ಬದಲಾಯಿಸಿ ನೋಡಾಕತ್ತಾರ” ಎಂದೆ. ಆದರೂ ನಮ್ಮ ದೇಶದ ಮಾನ ಉಳಿಸಬೇಕಲ್ಲ? ಇಲ್ಲಿಯೂ ಬಿಲ್ಲಿಗೆ ಮಿತಿ ಹಾಕಿದ್ದನ್ನೂ, ಚಳಿಗೆ ನಡುಗುವವರು ಬಂದು ಕೂರಲೆಂದು ಲೈಬ್ರರಿಗಳನ್ನು ತೆರೆದಿಟ್ಟದ್ದನ್ನೂ ಹೇಳಿದೆ. ಸ್ಪೇನಿನ ಬಗ್ಗೆ ಮೂವರಿಗೂ ಏನೂ ಗೊತ್ತಿರಲಿಲ್ಲ. ಆದ್ದರಿಂದ ಸ್ಪೇನಿನ ಬಗ್ಗೆ ಬಹಳ ಹೊತ್ತು ಮಾತಾಡಿದೆವು.

ಇಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ನಾನು ಎಲ್ಲ ದೇಶಗಳ ಉತ್ತಮ ಅಂಶಗಳನ್ನು ಆಯ್ದು ನಮ್ಮ ಮನೆಗೊಂದು ನೀತಿ ರೂಪಿಸಿದೆ. ಫ್ರಾನ್ಸಿನಿಂದ ಮಿತಿ ಬಂತು, ಹೀಟರಿನ ಗುಂಡಿ ಅದರಾಚೆ ತಿರುಗದಂತೆ ಟೇಪು ಸುತ್ತಿದೆ. ಜರ್ಮನಿಯಿಂದ ಶಿಸ್ತು ಬಂತು, ಕಿಟಕಿಗಳ ಸಂದುಗೊಂದುಗಳಿಗೆಲ್ಲ ಟೇಪು ಹೊಡೆದೆ. ಆದರೆ ಅದೇ ನಾಗರತ್ನ ಇನ್ನೊಂದು ಮಾತನ್ನೂ ಹೇಳಿದ್ದಳು. ಅವರಲ್ಲಿ ಎಂಥ ಹಿಮ ಬೀಳುತ್ತಿದ್ದರೂ ದಿನಕ್ಕೆರಡು ಸಲ ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯುತ್ತಾರಂತೆ. “ರೊಕ್ಕಾ ಕೊಟ್ಟು ಕಾಸಿದ ಗಾಳೀನ ಓಣಿಗೆ ಬಿಡತೀರೇನು?” ಎಂದು ನಕ್ಕು ಅದೊಂದನ್ನು ನನ್ನ ನೀತಿಯಿಂದ ಕೈಬಿಟ್ಟೆ.

ಆಗ ಅವ್ವ ಹುಬ್ಬಳ್ಳಿಯಿಂದ ಬಂದು ಮೂರು ತಿಂಗಳಾಗಿತ್ತು. ಎರಡು ಸ್ವೆಟರ್, ಒಂದು ಮಂಕಿಕ್ಯಾಪು, ಮೇಲೊಂದು ಕೌದಿ ಹೊದ್ದು ಸೋಫಾದಲ್ಲಿ ಕೂರುತ್ತಿದ್ದಳು. ಒಂದು ಭಾನುವಾರ, “ತಮ್ಮಾ, ಒಂದು ಇದ್ದಲಿ ಶೇಗಡಿ ಇದ್ದಿದ್ರ ಕಾಲರ ಕಾಸ್ಕೊಳ್ಳಬಹುದಿತ್ತು. ಊರಾಗ ಅಂಗಳದಾಗ ಇಡತಿದ್ವಿ, ನೆನಪೈತೇನು?” ಎಂದಳು. ಅಂಗಳವೆಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ, ಶೇಗಡಿಯೆಂಬುದು ಮಾತ್ರ ಬಿತ್ತು. ಬೇಸಿಗೆಯ ಬಾರ್ಬೆಕ್ಯೂಗೆ ತಂದ ಇದ್ದಿಲು ಶೆಡ್ಡಿನಲ್ಲಿ ಮಿಕ್ಕಿತ್ತು. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಮಾಡಿ, ಹೊಗೆಯೆಲ್ಲ ಹೋದ ಮೇಲೆ ತಂದು ಅವ್ವನ ಕಾಲ ಬಳಿ ಇಟ್ಟೆ. ಯುರೋಪಿಗೆ ಕರ್ನಾಟಕದ ಕೊಡುಗೆ ಎಂದು ಅದನ್ನು ಆ ದಿನದ ಸಭೆಯಲ್ಲಿ ಮಂಡಿಸುವವನಿದ್ದೆ.

ಇಲ್ಲಿ ಅಲಾರಮಿನ ಕಥೆ ಸ್ವಲ್ಪ ಹೇಳಬೇಕು. ಈ ದೇಶದ ಮನೆಗಳಲ್ಲಿ ಹೊಗೆ ಕಂಡರೆ ಕಿರುಚುವ ಅಲಾರಂ ಚಾವಣಿಯಲ್ಲಿರುತ್ತದೆ. ಅದನ್ನು ಮಾಡಿದವರಿಗೆ ಒಗ್ಗರಣೆ ಗೊತ್ತಿಲ್ಲ. ಸಾಸಿವೆ ಸಿಡಿದರೆ ಸಾಕು, ಊರಿಗೇ ಬೆಂಕಿ ಬಿದ್ದಂತೆ ಬೊಬ್ಬೆ ಹಾಕುತ್ತದೆ. ನಮ್ಮವರ ಎಲ್ಲ ಮನೆಗಳಲ್ಲಿ ಒಬ್ಬರು ಒಗ್ಗರಣೆ ಹಾಕುವಾಗ ಇನ್ನೊಬ್ಬರು ಟವೆಲು ಬೀಸುತ್ತಾ ನಿಲ್ಲುತ್ತಾರೆ. ನಾವು ಟವೆಲು ಬೀಸಿ ಸೋತು, ಅದಕ್ಕೆ ಹೋಟೆಲಿನಿಂದ ತಂದ ಶವರ್ ಕ್ಯಾಪು ತೊಡಿಸಿದ್ದೆವು. ಇದಲ್ಲದೆ ವಸುಧಾ ಇನ್ನೊಂದು ಬಿಳಿ ಡಬ್ಬಿ ತಂದು ನಡುಮನೆಯ ಶೆಲ್ಫಿನಲ್ಲಿ ಇಟ್ಟಿದ್ದಳು. “ರೀ, ಇದು ಹೊಗೆಗಲ್ಲ, ವಿಷಗಾಳಿಗೆ. ಅದಕ್ಕೆ ವಾಸನೆಯೂ ಇರಲ್ಲ, ಬಣ್ಣಾನೂ ಇರಲ್ಲ. ಇದು ಕೂಗಿದ್ರೆ ಹೊರಗೆ ಓಡಬೇಕು, ತಿಳೀತಾ?” ಎಂದಿದ್ದಳು. ನಾನು ಪೇಪರಿನಿಂದ ತಲೆಯೆತ್ತದೆ “ಹ್ಞೂಂ” ಎಂದಿದ್ದೆ.

ಆ ದಿನ ವಸುಧಾ ಡ್ಯೂಟಿಗೆ ಹೋಗಿದ್ದಳು. ಸಭೆಗೆ ಐದು ನಿಮಿಷವಿದೆ ಎನ್ನುವಾಗ ಶೆಲ್ಫಿನ ಬಿಳಿ ಡಬ್ಬಿ ಕೂಗತೊಡಗಿತು. ಸೋಫಾದ ಕಡೆ ತಿರುಗಿಯೂ ನೋಡದೆ, ಅವ್ವ ಒಗ್ಗರಣೆ ಹಾಕುತ್ತಿದ್ದಾಳೆ ಎಂದುಕೊಂಡೆ. ವರ್ಷಗಟ್ಟಲೆ ಕೇಳಿ ಕೇಳಿ ಕಿವಿಗೆ ಆ ಒಂದೇ ಅರ್ಥ ಅಂಟಿಬಿಟ್ಟಿತ್ತು. ಬಂದ್ ಮಾಡುವ ಗುಂಡಿ ಸಿಗಲಿಲ್ಲ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿದ್ದ ಅಕ್ಕಿ ಡಬ್ಬಿಯೊಳಗೆ ಅದನ್ನು ಹೂತು ಮುಚ್ಚಳ ಹಾಕಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ತಲೆ ಸಿಡಿಯುತ್ತಿತ್ತು. ಸ್ಪೇನಿನ ಬಗ್ಗೆ ಓದಿಕೊಂಡದ್ದು ಹೆಚ್ಚಾಯಿತು ಅಂದುಕೊಂಡೆ.

“ಏನೋ ಅದು, ಎಲ್ಲೋ ಕುಯ್ಯಾಂವ ಕುಯ್ಯಾಂವ ಅಂತ ಒದರಾಕತ್ತೈತಿ?” ಎಂದಳು ನಾಗರತ್ನ.

“ಅದೇನಿಲ್ಲ, ಅವ್ವ ಒಗ್ಗರಣಿ ಹಾಕಾಕತ್ತಾಳ.”

ನಾಗರತ್ನ ಪರದೆಯ ಹತ್ತಿರ ಬಂದಳು. “ಅವ್ವಾರು ನಿನ್ನ ಬೆನ್ನ ಹಿಂದ ಮಕ್ಕೊಂಡಾರಲ್ಲೋ. ಒಗ್ಗರಣಿ ಯಾರು ಹಾಕಾಕತ್ತಾರ?”

ತಿರುಗಿ ನೋಡಿದೆ. ಮಂಕಿಕ್ಯಾಪು ಒಂದು ಕಡೆ ವಾಲಿತ್ತು. ಕಾಲ ಬಳಿ ಕೆಂಡ ಸದ್ದಿಲ್ಲದೆ ಹೊಳೆಯುತ್ತಿತ್ತು.

“ಆ ಕೆಂಡ ಏನೋ ಅದು? ಕಿಡಕಿ ತಗೀ! ಮದಲ ಅವ್ವಾರನ್ನ ಹೊರಗ ಒಯ್ಯೋ!” ನಾಗರತ್ನ ಸ್ಟುಟ್‌ಗಾರ್ಟಿನಿಂದ ಚೀರಿದಳು. ಬಸವರಾಜ ಗಾಬರಿಯಾಗಿ ಲಿಯಾನಿನಲ್ಲಿ ತನ್ನ ಮನೆಯ ಕಿಟಕಿ ತೆರೆದ. ನನ್ನ ಕಿಟಕಿ ತೆರೆಯಲಿಲ್ಲ, ಟೇಪನ್ನು ಅಷ್ಟು ಶ್ರದ್ಧೆಯಿಂದ ಅಂಟಿಸಿದ್ದೆ. ಅದನ್ನು ಬಿಟ್ಟು ಅವ್ವನ ಭುಜ ಅಲುಗಿಸಿದೆ. ಒಂದು ಸಲ ಕರೆದೆ, ಏಳಲಿಲ್ಲ. ಎರಡು ಸಲ ಕರೆದೆ. ಆ ಎರಡನೆಯ ಕರೆಗೂ ಮೂರನೆಯದಕ್ಕೂ ನಡುವೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ನಾನು ಇಂದಿಗೂ ಆಗಾಗ ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ಮೂರನೆಯ ಕರೆಗೆ ಅವ್ವ, “ಏನೋ ನಿಂದು” ಎಂದು ತೊದಲಿದಳು. ಅವಳನ್ನು ಕೌದಿಸಮೇತ ಎತ್ತಿಕೊಂಡು ಹಿತ್ತಲಿಗೆ ಓಡಿದೆ.

ಪಕ್ಕದ ಮನೆಯ ಮುದುಕಿ ಬೇಲಿಯಾಚೆಯಿಂದಲೇ ಕಂಡು ಆಂಬುಲೆನ್ಸಿಗೆ ಫೋನ್ ಮಾಡಿದರು. ಅಗ್ನಿಶಾಮಕದವರೂ ಬಂದರು. ಅವರಲ್ಲೊಬ್ಬ ಶಬ್ದದ ಜಾಡು ಹಿಡಿದು ಹೋಗಿ, ಅಕ್ಕಿಯಿಂದ ಅಲಾರಮನ್ನು ಅಗೆದು ತೆಗೆದು, ಕಾಳು ಊದುತ್ತಾ ಹೊರಗೆ ತಂದ. ಅದು ಇನ್ನೂ ಕೂಗುತ್ತಲೇ ಇತ್ತು. ಇಲ್ಲಿ ಯಾಕೆ ಇಟ್ಟಿದ್ದಿರಿ ಎಂದು ಕೇಳಿದ. ನಮ್ಮ ಕಡೆ ಬೆಲೆಬಾಳುವ ಸಾಮಾನನ್ನು ಅಕ್ಕಿ ಡಬ್ಬಿಯಲ್ಲೇ ಇಡುವುದು ಎಂದೆ. ಆತ ಗೌರವದಿಂದ ತಲೆಯಾಡಿಸಿದ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ವಸುಧಾ ಓಡಿ ಬಂದು, ಅವ್ವನ ನಾಡಿ ಹಿಡಿದು, ರಿಪೋರ್ಟು ಓದಿ, ಕುರ್ಚಿಯಲ್ಲಿ ಕುಸಿದು ಕೂತಳು. “ಅತ್ತೆಗೆ ಏನೂ ಆಗಲ್ಲ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಇನ್ನರ್ಧ ಗಂಟೆ ಆಗಿದ್ರೆ ನಿಮಗೂ ಏನೂ ಹೇಳೋ ಅಗತ್ಯ ಇರ್ತಿರ್ಲಿಲ್ಲ ಕಣ್ರೀ” ಎಂದು ಅತ್ತಳು. ಅವ್ವ ಮಾಸ್ಕು ಸರಿಸಿ, “ಶೇಗಡಿ ಆರಿಸಿ ಬಂದಿ ಹೌದಿಲ್ಲೋ?” ಎಂದಳು.

ಆ ಚಳಿಗಾಲ ಕಳೆಯಿತು. ದೇಶಗಳೂ ತಮ್ಮ ತಮ್ಮ ರೀತಿಯಲ್ಲಿ ತಡವರಿಸಿಕೊಂಡು ಆಚೆ ದಡ ಮುಟ್ಟಿದವು. ಯಾವ ದೇಶದ ದಾರಿ ಸರಿಯಿತ್ತೆಂದು ಈಗ ನಾನು ಅಷ್ಟು ಖಚಿತವಾಗಿ ಹೇಳಲಾರೆ. ಜರ್ಮನಿಯ ಟೇಪಿಗೆ ಜರ್ಮನಿಯ ಹತ್ತು ನಿಮಿಷ ಬೇಕಿತ್ತು, ಶೇಗಡಿಗೆ ಹುಬ್ಬಳ್ಳಿಯ ಅಂಗಳ ಬೇಕಿತ್ತು, ನಾನು ಅರ್ಧರ್ಧ ತಂದಿದ್ದೆ. ಆದರೆ ನಾಟಿಂಗ್‌ಹ್ಯಾಮಿನ ಅಕ್ಕಿಯೊಳಗೆ ಕೂಗಿದ್ದು ಸ್ಟುಟ್‌ಗಾರ್ಟಿಗೆ ಕೇಳಿಸಿತಲ್ಲ, ಅದನ್ನು ನೆನೆದರೆ ಈ ಖಂಡದ ಬಗ್ಗೆ ನನಗೆ ಧೈರ್ಯ ಬರುತ್ತದೆ.

ಭಾನುವಾರದ ಸಭೆ ಈಗಲೂ ನಡೆಯುತ್ತದೆ. ಮೊದಲು ನಾನು ಕ್ಯಾಮೆರಾ ತಿರುಗಿಸಿ ತೆರೆದ ಕಿಟಕಿ ತೋರಿಸಬೇಕು, ನಂತರ, ಅವ್ವ ಇಲ್ಲಿದ್ದಾಗಲೆಲ್ಲ, ಅವಳನ್ನು ತೋರಿಸಬೇಕು. “ನಮಸ್ಕಾರ್ರೀ ಅವ್ವಾರ” ಎಂದು ಇಬ್ಬರೂ ಮಾತಾಡಿಸಿ, ಆಕೆ ತಿರುಗಿ ಮಾತಾಡಿದ ಮೇಲೆಯೇ ಫ್ರಾನ್ಸಿನ ಚರ್ಚೆ. ಶವರ್ ಕ್ಯಾಪು ಕಸಕ್ಕೆ ಹೋಗಿದೆ.

ಈ ಚಳಿಗಾಲಕ್ಕೆ ಮತ್ತೆ ಬಂದಿರುವ ಅವ್ವ ಕಳೆದ ವಾರ ಅಡುಗೆಮನೆಯಲ್ಲಿದ್ದಳು. ಚಾವಣಿಯ ಅಲಾರಂ ಕಿರುಚಿತು. ನಾನು ಹಿಂದೆ ಮುಂದೆ ನೋಡದೆ ಓಡಿಹೋಗಿ ಆಕೆಯನ್ನು ಸೌಟುಸಮೇತ ಎತ್ತಿಕೊಂಡು ಹಿತ್ತಲಿಗೆ ನಡೆದೆ.

“ಬಿಡೋ ಹುಚ್ಚಪ್ಪಾ, ಒಗ್ಗರಣಿ ಐತಿ! ಖರೇನ ಒಗ್ಗರಣಿ!”

ನಾನು ಬಿಡಲಿಲ್ಲ. ಪಕ್ಕದ ಮನೆಯ ಮುದುಕಿ ಕಿಟಕಿಯಿಂದ ಕೈಬೀಸಿದರು. ಹತ್ತು ನಿಮಿಷವಾದ ಮೇಲೆ ಥಟ್ಟನೆ ಒಲೆಯ ನೆನಪಾಗಿ, “ಅವ್ವಾ, ಒಲಿ!” ಎಂದು ಕೂಗಿದೆ.

ಅವ್ವ ಸೌಟಿನಿಂದ ನನ್ನ ಭುಜಕ್ಕೆ ಮೆಲ್ಲಗೆ ಬಡಿದಳು. “ಅದು ಒದರಿದ ಕೂಡ್ಲೆ ಆರಿಸೀನಿ. ನೀ ಬರತಿ ಅಂತ ನನಗ ಗೊತ್ತಿತ್ತು.”