ಹೊಳೆ ಮೊದಲು ಮುಟ್ಟಿದವನು ನಾನೇ!

ಸೈಕಲ್ ಹೊಡೆಯುವುದನ್ನು ಒಮ್ಮೆ ಕಲಿತರೆ ಸಾಯುವವರೆಗೆ ಮರೆಯುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅದು ನಿಜವೇ. ಆದರೆ ನಾನು ಕಲಿತದ್ದು ಕಬ್ಬೂರಿನ ಸಪಾಟು ರಸ್ತೆಯಲ್ಲಿ, ಅಪ್ಪನ ಕರಿ ಸೈಕಲ್ಲಿನ ಮೇಲೆ, ಬ್ರೇಕಿನ ಬದಲು ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸುತ್ತ. ಮರೆಯದೆ ಉಳಿದದ್ದೂ ಅಷ್ಟೇ!

ಈಗ ನಾನು ಚಿಕ್ಕೋಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಕುರ್ಚಿಯ ಮೇಲೆ ಕೂತು ಪರರ ದೃಷ್ಟಿ ತಿದ್ದುವ ಕೆಲಸ. ಹೊಟ್ಟೆ ಬಂದಿದೆ, ಇಲ್ಲವೆನ್ನುವುದಿಲ್ಲ. ನಲವತ್ತೇಳು ವರ್ಷದ ಗೃಹಸ್ಥನಿಗೆ ಅದು ಶೋಭೆಯೆಂದೇ ತಿಳಿದಿದ್ದೆ. ಈ ತಿಳಿವಳಿಕೆಗೆ ಕಲ್ಲು ಹಾಕಿದವನು ನನ್ನ ಷಡ್ಡಕ ರಾಜಗೌಡ, ಅಂದರೆ ನನ್ನ ಹೆಂಡತಿಯ ಅಕ್ಕ ಶಾಂತಕ್ಕನ ಗಂಡ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ನನಗಿಂತ ಎರಡು ವರ್ಷ ದೊಡ್ಡವನು. ಎರಡು ವರ್ಷದ ಹಿಂದೆ ಅವನ ಹೊಟ್ಟೆ ನನ್ನದಕ್ಕಿಂತ ನಾಲ್ಕು ಬೆರಳು ಮುಂದಿತ್ತು. ಆಗ ನಮ್ಮ ಸಂಬಂಧ ಬಹಳ ಚೆನ್ನಾಗಿತ್ತು!

ಆಮೇಲೆ ಅವನು ದಪ್ಪ ಗಾಲಿಯ ಗೇರ್ ಸೈಕಲ್ ತಂದ. ಪ್ರತಿ ಐತವಾರ ತವಂದಿ ಘಾಟಿನ ಗಿಡಮರಗಳ ನಡುವಿನ ಕಾಲುದಾರಿ ಹತ್ತುವುದು, ವೇದಗಂಗೆಯ ಬಯಲಿಗೆ ಇಳಿಯುವುದು, ಫೋಟೋ ತೆಗೆದು ಕಳಿಸುವುದು. ಫೋಟೋದಲ್ಲಿ ಹೊಟ್ಟೆ ವಾರವಾರಕ್ಕೂ ಕರಗುತ್ತಿತ್ತು. ಹಾಗೆಯೇ ನನ್ನ ಸಮಾಧಾನವೂ.

"ನೋಡ್ರಿ, ನಮ್ಮ ಮಾಮಾರು ಹೆಂಗ ಕಾಣಾಕತ್ತಾರ!" ಎಂದು ಹೆಂಡತಿ ಸುಜಾತಾ ಫೋನನ್ನು ನನ್ನ ತಾಟಿನ ಪಕ್ಕಕ್ಕೇ ಹಿಡಿಯುತ್ತಿದ್ದಳು. "ಕಾಲೇಜ್ ಹುಡುಗ ಅನಬೇಕು."

"ಫೋಟೋ ತಗ್ಯಾಂವ ಛಲೋ ತಗದಾನ," ಎಂದು ನಾನು ಎರಡನೇ ಹೋಳಿಗೆಗೆ ಕೈ ಹಾಕುತ್ತಿದ್ದೆ.

ನನಗೆ ಹೊಟ್ಟೆಕಿಚ್ಚಿರಲಿಲ್ಲ. ಊಟವಾದ ಮೇಲೆ ಎದೆಯಲ್ಲಿ ಉರಿಯುತ್ತಿದ್ದದ್ದು ಪಿತ್ತ. ರಾಜಗೌಡನ ಫೋಟೋ ಬಾರದ ದಿನ ಅದು ಉರಿಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಸಂಕ್ರಾಂತಿಗೆ ಅವರ ಮನೆಗೆ ಊಟಕ್ಕೆ ಹೋದಾಗ ಸುಜಾತಾ ಎಲ್ಲರೆದುರು, "ಇವ್ರಿಗೆ ನಾಕ್ ಮೆಟ್ಲ ಜಿನಾ ಹತ್ತಿದ್ರ ದಮ್ಮ ಹತ್ತತೈತಿ," ಎಂದುಬಿಟ್ಟಳು. ಎಲ್ಲರೂ ನಕ್ಕರು. ರಾಜಗೌಡ ಮಾತ್ರ ನಗಲಿಲ್ಲ. ಕರುಣೆಯಿಂದ ನೋಡಿದ. ಅದನ್ನು ತಡೆಯಲಾಗಲಿಲ್ಲ.

"ಗೌಡ್ರ, ಬರೂ ಐತವಾರ ನಾನೂ ಬರ್ತೀನಿ," ಎಂದೆ. "ಘಾಟ್ ಅಂದ್ರ ಅದೇನ ಹಿಮಾಲಯನ?"

ರಾಜಗೌಡನಿಗೆ ನಿಜವಾಗಿಯೂ ಸಂತೋಷವಾಯಿತು. "ಭಾಳ ಛಲೋ ಆತು, ಸುರೇಶ ಅವ್ರ! ನನ್ನ ಹಳೇ ಸೈಕಲ್ ಐತಿ, ಅದನ್ನ ಹೊಡೀರಿ. ಇವ್ರಿಬ್ರೂ ಕಾರ್ ತಗೊಂಡು ಹೊಳಿ ದಂಡಿಗೆ ನಾಷ್ಟಾ ತರಲಿ."

ಹೀಗೆ ನನ್ನ ಪರೀಕ್ಷೆಗೆ ಪ್ರೇಕ್ಷಕರೂ ಗೊತ್ತಾದರು.

ಐತವಾರ ಬೆಳಗ್ಗೆ ಘಾಟಿನ ಬುಡಕ್ಕೆ ಹೋದೆವು. ಹೆಂಗಸರು ನಮ್ಮಿಬ್ಬರನ್ನೂ ಇಳಿಸಿ ಹೊಳೆಯ ಕಡೆ ಹೊರಟರು. ಫೋನನ್ನು ಸುಜಾತಾಳ ಬ್ಯಾಗಿನಲ್ಲಿಟ್ಟಿದ್ದೆ, ಬಿದ್ದರೆ ಒಡೆದೀತೆಂದು. ನಾನು ಬಿದ್ದರೆ ಏನಾದೀತೆಂದು ಯೋಚಿಸಿರಲಿಲ್ಲ.

ಸೈಕಲ್ ಸವಾರರಿಗೆಂದೇ ಗಾದಿ ಹೊಲಿದ ಬಿಗಿ ಚಡ್ಡಿಯೊಂದನ್ನು ರಾಜಗೌಡ ನನಗೆ ಕೊಟ್ಟಿದ್ದ. ನಾನು ತೊಟ್ಟು ಬಂದದ್ದನ್ನು ನೋಡಿ ಅವನು ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದ: "ಗಾದಿ ಹಿಂದ ಬರಬೇಕ್ರಿ."

ಬಿದ್ದರೆ ಹೊಟ್ಟೆಗೆ ಪೆಟ್ಟಾಗಬಾರದೆಂದು ಅದನ್ನು ಮುಂದಕ್ಕೆ ಇಟ್ಟಿದ್ದಾರೆಂದು ನಾನು ತಿಳಿದಿದ್ದೆ! ಬೇವಿನ ಮರದ ಮರೆಗೆ ಹೋಗಿ ಸರಿಪಡಿಸಿಕೊಂಡು ಬಂದೆ.

"ಗೇರ್ ಬಗ್ಗೆ ಸ್ವಲ್ಪ ಹೇಳ್ತೀನಿ," ಎಂದ ರಾಜಗೌಡ.

"ಬ್ಯಾಡ್ರಿ. ನಾ ಸಣ್ಣಾಂವ ಇದ್ದಾಗಿಂದ ಸೈಕಲ್ ಹೊಡಿತೀನಿ."

ಏರು ಶುರುವಾಯಿತು. ಒಂದು ಗುಂಡಿ ಒತ್ತಿದರೆ ಕಾಲುಗಳು ಗಾಳಿಯಲ್ಲಿ ಗಿರಗಿರ ತಿರುಗಿದವು, ಸೈಕಲ್ ಕದಲಲಿಲ್ಲ. ಇನ್ನೊಂದು ಒತ್ತಿದರೆ ಪೆಡಲ್ ಕಲ್ಲಾಯಿತು. ಎರಡನ್ನೂ ಒತ್ತಿದಾಗ ಚೈನು ಕಳಚಿ ಜೋತುಬಿತ್ತು. ರಾಜಗೌಡ ಬಂದು ಹಾಕಿಕೊಟ್ಟ. ಮತ್ತೆ ಕಳಚಿತು. ಮತ್ತೆ ಬಂದು ಹಾಕಿಕೊಟ್ಟ. ಒಮ್ಮೆಯಾದರೂ ಸಿಟ್ಟು ಮಾಡಬಾರದೇ! ಪ್ರತಿ ತಿರುವಿನಲ್ಲೂ ಬೆವರಿಲ್ಲದ ಮುಖ ಹೊತ್ತು ನಿಂತು, "ಸಾವಕಾಶ ಬರ್ರಿ, ಅವಸರ ಇಲ್ಲ," ಎನ್ನುತ್ತಿದ್ದ. ಅವನ ಒಳ್ಳೆಯತನದ ಮುಂದೆ ಘಾಟಿನ ಏರು ಏನೇನೂ ಅಲ್ಲ.

ಕೊನೆಗೆ ಇಳಿದು ಸೈಕಲ್ ದಬ್ಬುತ್ತ ನಡೆದೆ. ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತ ಮುದುಕಿಯೊಬ್ಬಳು ನನ್ನನ್ನು ಹಿಂದೆ ಹಾಕಿ ಹೋದವಳು ತಿರುಗಿ ನಿಂತಳು.

"ಯಾಕ ತಮ್ಮಾ, ಗಾಡಿ ಕೆಟ್ಟೈತೇನು?"

"ಇಲ್ಲಬೇ, ದಣಿವಾಗೇತಿ."

"ಹಂಗಾರ ಇದನ್ನ ಯಾಕ ತಂದಿ? ಬರೇ ಕಾಲಿಲೆ ಬಂದಿದ್ರ ಇಷ್ಟು ದಣೀತಿದ್ದಿಲ್ಲ."

ನಾನು ಸೈಕಲ್ ದಬ್ಬುತ್ತ ಅವಳ ಹೊರೆಯ ಹಿಂದೆಯೇ ನಡೆದೆ.

ಅಂತೂ ನೆತ್ತಿ ಮುಟ್ಟಿದೆವು. ಕೆಳಗೆ ವೇದಗಂಗೆ ಬೆಳ್ಳಿಯ ಉಡಿದಾರದಂತೆ ಹರಿದಿತ್ತು. ಅದರ ದಂಡೆಯಲ್ಲಿ ನಮ್ಮ ಬಿಳಿ ಕಾರು ಇಷ್ಟೇ ಇಷ್ಟು ಕಾಣುತ್ತಿತ್ತು. ದಾರಿ ಎರಡಾಗಿ ಒಡೆದಿತ್ತು. "ಇಲ್ಲಿಂದ ಬಲಕ್ಕ..." ಎಂದು ರಾಜಗೌಡ ಶುರು ಮಾಡುವಷ್ಟರಲ್ಲಿ ಯಾರೋ ತಂಬಾಕಿನ ಗಿರಾಕಿಯ ಫೋನು ಬಂತು. ಅವನು ಬೆನ್ನು ತಿರುಗಿಸಿ ಮಾತಿಗಿಳಿದ.

ನಾನು ನೋಡಿದೆ. ಬಲದ ದಾರಿ ಸುತ್ತಿ ಬಳಸಿ ಹೋಗುತ್ತಿತ್ತು. ಎಡದ ದಾರಿ ನೆಟ್ಟಗೆ ಹೊಳೆಗೆ ಇಳಿಯುತ್ತಿತ್ತು. ರಾಜಗೌಡನಿಗಿಂತ ಮೊದಲು ನಾನು ಹೋಗಿ ಮುಟ್ಟಿದರೆ? ಸುಜಾತಾ ಕಣ್ಣರಳಿಸಿ, "ಮಾಮಾರು ಇನ್ನೂ ಬಂದಿಲ್ಲೇನ್ರಿ?" ಎಂದು ಕೇಳಿದರೆ? ಆ ಒಂದು ಪ್ರಶ್ನೆಗಾಗಿ ನಾನು ಎಡಕ್ಕೆ ಹ್ಯಾಂಡಲ್ ತಿರುಗಿಸಿದೆ. ಹೇಳದೆ, ಕೇಳದೆ, ಕಳ್ಳನಂತೆ.

ಮೊದಲ ನೂರು ಹೆಜ್ಜೆ ಸ್ವರ್ಗ. ಆಮೇಲೆ ಸೈಕಲ್ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಹಳೆಯ ಅಭ್ಯಾಸದಂತೆ ಕಾಲು ನೆಲಕ್ಕೆ ಉಜ್ಜಿದೆ. ಒಂದು ಬೂಟು ಅಲ್ಲೇ ಉಳಿಯಿತು. ಎದುರಿಗೆ ಆಡುಗಳ ಹಿಂಡು. "ಸರೀರಿ! ಸರೀರಿ!" ಎಂದು ಬಹುವಚನದಲ್ಲೇ ಕೂಗಿದೆ. ಆಡುಗಳು ಮರ್ಯಾದೆಯಿಂದ ಸರಿದವು. ನಾನು ಸೀದಾ ಕಬ್ಬಿನ ಹೊಲಕ್ಕೆ ನುಗ್ಗಿದೆ. ಕಬ್ಬಿನ ಒಣಗರಿಗಳ ರವದಿ ಮುಖ, ಕೈ ಎಲ್ಲವನ್ನೂ ಗೀರಿತು. ಹೊಲ ಮುಗಿದ ಕಡೆ ಎಮ್ಮೆಗಳು ಹೊರಳಿ ಮಾಡಿದ ಕೆಸರು ಕಾದಿತ್ತು. ನಾನೂ ಹೊರಳಿದೆ.

ಎದ್ದು ಕಣ್ಣು ಒರೆಸಿಕೊಂಡರೆ ಎದುರಿಗೆ ಹೊಳೆ. ರಾಜಗೌಡನ ಸುಳಿವಿಲ್ಲ. ಗೆದ್ದೆ!

ಆದರೆ ಕಾರು ಆಚೆ ದಂಡೆಯಲ್ಲಿತ್ತು.

ಬಲದ ದಾರಿ ಯಾಕೆ ಸುತ್ತಿ ಹೋಗುತ್ತಿತ್ತೆಂದರೆ, ಹೊಳೆಗೆ ಅಡ್ಡ ಕಟ್ಟಿದ ಬಾಂದಾರ ದಾಟಿ ಆಚೆ ಹೋಗಲಿಕ್ಕೆ. ನಾನು ಈಚೆ, ನಾಷ್ಟಾ ಆಚೆ, ನಡುವೆ ವೇದಗಂಗೆ. ಮೊಣಕಾಲಿನಿಂದ ಹುಬ್ಬಿನವರೆಗೆ ಕರಿ ಕೆಸರು ಮೆತ್ತಿಕೊಂಡು ನಿಂತ ನನ್ನನ್ನು ಸುಜಾತಾ ಕಂಡಳು. ಕನ್ನಡಕದ ಅಂಗಡಿಯವನ ಹೆಂಡತಿ, ದೂರ ನೋಡುವ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

"ಅಣ್ಣಾ! ಏ ಅಣ್ಣಾ!" ಎಂದು ಕೂಗಿದಳು. "ಇಬ್ರು ಸೈಕಲ್‌ದವ್ರು ಬಂದ್ರೇನು ಆ ಕಡೆ? ಒಬ್ರು ತೆಳ್ಳಗ, ಚಂದ ಅದಾರ. ಇನ್ನೊಬ್ರು ಹಂಗ ಇಲ್ಲ!"

'ನಾನೇ ಬೇ' ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಶಾಂತಕ್ಕ ಫೋನು ಎತ್ತಿ ಫೋಟೋ ತೆಗೆಯುತ್ತಿದ್ದಂತೆ ಕಂಡಿತು. ಬಾಯಿಂದ ಬೇರೆಯೇ ಹೊರಟಿತು, ಅದೂ ಗಡಸು ದನಿಯಲ್ಲಿ:

"ಕಂಡಿಲ್ರೀ, ಅಕ್ಕಾರ!"

ಕಬ್ಬಿನೊಳಗೆ ಮರೆಯಾಗಿ, ಅಲ್ಲೇ ಬಿದ್ದಿದ್ದ ಸೈಕಲ್ ಎಳೆದುಕೊಂಡು ಹೊರಟೆ. ದಾರಿಯಲ್ಲಿ ಯಾರದೋ ಪಂಪ್‌ಸೆಟ್ಟಿನ ನೀರಿಗೆ ಮೈಯೊಡ್ಡಿ ತೊಳೆದುಕೊಂಡೆ. ಬಾಂದಾರ ಹುಡುಕಿ, ದಾಟಿ, ಒಂದು ಬೂಟಿನಲ್ಲಿ ಕುಂಟುತ್ತ ಕಾರಿನ ಹತ್ತಿರ ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಹೇಳಬೇಕಾದ ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದೆ.

ಸುಜಾತಾ ನೆಲದ ಮೇಲೆ ಕೂತು ಅಳುತ್ತಿದ್ದಳು. ಡಬ್ಬಿಗಳನ್ನು ಯಾರೂ ತೆರೆದಿರಲಿಲ್ಲ.

"ನಾನ ಕೆಟ್ಟಾಕಿ, ಅಕ್ಕಾ. ದಿನಾ ಮಾಮಾರ ಫೋಟೋ ತೋರ್ಸಿ ತೋರ್ಸಿ ನಮ್ಮ ಮನ್ಯಾವ್ರ ಜೀವಾ ತಿಂದೆ. ಏನರ ಆದ್ರ ನಾ ಹೆಂಗ ಬದುಕ್ಲಿ?"

ನನ್ನನ್ನು ಕಂಡವಳೇ ಓಡಿ ಬಂದು ಎರಡೂ ಕೈಯಿಂದ ಎದೆಗೆ ಗುದ್ದಿದಳು. "ಎಲ್ಲಿ ಹೋಗಿದ್ರಿ? ಆ ದಂಡಿಯಾಗ ಒಬ್ಬಾಂವ ಕೆಸರಿನ್ಯಾಗ ನಿಂತಿದ್ದ, ಕೇಳಿದ್ರ ಕಂಡಿಲ್ಲ ಅಂದ, ಮುಠ್ಠಾಳ!"

ಕಿವಿಯ ಹಿಂದೆ ಉಳಿದಿದ್ದ ಕೆಸರನ್ನು ಮೆಲ್ಲಗೆ ಒರೆಸಿಕೊಂಡೆ.

ಅಷ್ಟರಲ್ಲಿ ರಾಜಗೌಡ ಬಂದ. ನಾನು ಇಲ್ಲಿಗೆ ಬಂದಿಲ್ಲವೆಂದು ತಿಳಿದೊಡನೆ ಅವನು ಮತ್ತೆ ಘಾಟು ಹತ್ತಿ, ಗಿಡಗಂಟಿಯಲ್ಲೆಲ್ಲ ನನ್ನ ಹೆಸರು ಕೂಗುತ್ತ ಅಲೆದಿದ್ದ. ಎರಡೂ ಮೊಣಕಾಲು ತರಚಿ ರಕ್ತ ಬಂದಿತ್ತು. ಕೈಯಲ್ಲಿ ನನ್ನ ಬೂಟು. ನನ್ನನ್ನು ನೋಡಿ ಸೈಕಲ್ ಕೈಬಿಟ್ಟು ಅಪ್ಪಿಕೊಂಡ.

"ಈ ಬೂಟು ನೋಡಿ ಜೀವಾನ ಹೋತ್ರಿ," ಎನ್ನುವಾಗ ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ನನಗಾಗಿ ಅಳುತ್ತಿದ್ದ ಆ ಮುಖ ನೋಡಿದಾಗ ನನ್ನ ಮನಸ್ಸಿಗೆ ಬಂದದ್ದು ಒಂದೇ ವಿಚಾರ: ಅಳುವಾಗಲೂ ಇವನೇ ಚಂದ ಕಾಣುತ್ತಾನಲ್ಲ!

ಆ ವಿಚಾರಕ್ಕೆ ನನಗೇ ಹೇಸಿಗೆಯಾಗಿ ಎಲ್ಲವನ್ನೂ ಒಪ್ಪಿಕೊಂಡೆ. ಎಡದ ದಾರಿ, ಆಡು, ಕೆಸರು, ಗಡಸು ದನಿ, ಎಲ್ಲ.

"ಅಂದ್ರ... ನನಗ ಅಕ್ಕಾರ ಅಂದ್ರಿ?" ಎಂದಳು ಸುಜಾತಾ.

"ಮೊದಲ ನೀ ಅಣ್ಣಾ ಅಂದಿ!"

ಶಾಂತಕ್ಕ ಸೆರಗು ಬಾಯಿಗೆ ಹಿಡಿದಳು. ರಾಜಗೌಡ ಹೊಟ್ಟೆ ಹಿಡಿದು ಮರಳಿನ ಮೇಲೆ ಕೂತು ನಕ್ಕ. ನಗುತ್ತಿದ್ದಂತೆ ಅವನ ಕೈಗೆ ಕಟ್ಟಿದ್ದ ಸ್ಮಾರ್ಟ್ ವಾಚು ಟಿಣ್ ಎಂದಿತು. ನೋಡಿ ಬೆರಗಾದ.

"ಏನಾತ್ರಿ ಮಾಮಾರ?" ಎಂದಳು ಸುಜಾತಾ.

"ಎರಡು ವರ್ಷ ಆತು, ಇಷ್ಟು ಜಲ್ದಿ ಘಾಟ್ ಹತ್ತೇ ಇದ್ದಿಲ್ಲ! ಇದ ನನ್ನ ರೆಕಾರ್ಡ್ ಅಂತ ತೋರ್ಸಾಕತ್ತೈತಿ."

ನಾನು ಕಳೆದುಹೋದದ್ದರಿಂದ ಲೋಕಕ್ಕೆ ಆದ ಉಪಕಾರ ಅದೊಂದೇ. ಅದೂ ಅವನಿಗೇ ಆಯಿತು!